ಹುಳಿ ಹಾಕಿ ಮೇವು ಉಳಿಸಿದ ವಿರ್ತಾನೆನ್

ನಮ್ಮಲ್ಲಿ ಬೇಸಿಗೆ ಬಂದರೆ ಹಸಿರು ಮೇವಿಗೆ ಬರ. ಯೂರೋಪಿನ ಉತ್ತರದ ಫಿನ್ಲೆಂಡ್ ದೇಶದಲ್ಲಿ ಈ ಬರ ಚಳಿಗಾಲದ್ದು. ಹಿಮ ಬಿದ್ದರೆ ದನಗಳು ವರ್ಷದ ಅರ್ಧಕ್ಕೂ ಹೆಚ್ಚು ಕಾಲ ಕೊಟ್ಟಿಗೆಯಲ್ಲೇ ಇರಬೇಕು. ಅಲ್ಲಿಯ ಹೈನುಗಾರರಿಗೆ ದಾರಿ ತೋರಿದವರು ರಸಾಯನ ವಿಜ್ಞಾನಿ ಆರ್ತುರಿ ಇಲ್ಮರಿ ವಿರ್ತಾನೆನ್.

ಇವರು ಹುಟ್ಟಿದ್ದು 1895ರ ಜನವರಿ 15ರಂದು, ಹೆಲ್ಸಿಂಕಿಯಲ್ಲಿ. ತಂದೆ ರೈಲ್ವೆ ನೌಕರರು. 1919ರಲ್ಲಿ ಡಾಕ್ಟರೇಟ್ ಪಡೆದು, ಜ್ಯೂರಿಕ್ ಮತ್ತು ಸ್ಟಾಕ್‌ಹೋಮ್ ನಗರಗಳಲ್ಲಿ ಹೆಚ್ಚಿನ ಅಧ್ಯಯನ ಮಾಡಿದರು. 1921ರಲ್ಲಿ ಹೈನು ಸಹಕಾರ ಸಂಘಗಳ ಒಕ್ಕೂಟವಾದ ವಾಲಿಯೊದ ಪ್ರಯೋಗಶಾಲೆಗೆ ಮುಖ್ಯಸ್ಥರಾದರು. ರೈತರ ಕಷ್ಟ ಅವರ ಮುಂದೆ ಬಂದದ್ದು ಅಲ್ಲಿ.

ಕ್ಲೋವರ್‌ನಂತಹ ದ್ವಿದಳ ಮೇವಿನಲ್ಲಿ ಸಸಾರಜನಕ ಹೆಚ್ಚು, ಸಕ್ಕರೆ ಅಂಶ ಕಡಿಮೆ. ಗುಂಡಿಗೆ ತುಂಬಿದರೆ ಅದು ಬೇಗ ಹುಳಿಯಾಗುವುದಿಲ್ಲ. ಅಷ್ಟರಲ್ಲಿ ಕೆಟ್ಟ ಅಣುಜೀವಿಗಳು ಬೆಳೆದು ಬ್ಯುಟಿರಿಕ್ ಆಮ್ಲ ಉಂಟಾಗಿ ಮೇವು ನಾರುತ್ತದೆ, ಸಸಾರಜನಕವೂ ಹಾಳಾಗುತ್ತದೆ. ಅದೇ ಅಣುಜೀವಿಗಳು ಹಾಲಿಗೆ ಸೇರಿದರೆ ಗಿಣ್ಣು ಉಬ್ಬಿ ಬಿರಿಯುತ್ತದೆ. ಒಳ್ಳೆಯ ಮೇವು ಕೆಟ್ಟರೆ ಹೊರದೇಶದ ಹಿಂಡಿಯೇ ಗತಿ.

ಮೇವು ತಾನಾಗಿ ಹುಳಿಯಾಗುವವರೆಗೆ ಕಾಯುವ ಬದಲು, ತುಂಬುವಾಗಲೇ ಹುಳಿ ಹಾಕಿದರೆ ಹೇಗೆ? ಇದೇ ವಿರ್ತಾನೆನ್ ಅವರ ಯೋಚನೆ. ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಗಂಧಕಾಮ್ಲಗಳನ್ನು ಪದರಪದರವಾಗಿ ಚಿಮುಕಿಸಿ, ಮೇವಿನ ರಸಸಾರವನ್ನು 4ಕ್ಕಿಂತ ಕೆಳಗೆ ಇಳಿಸಿದರು. ರಸಸಾರದ ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಆ ಹುಳಿಯಲ್ಲಿ ಕೆಟ್ಟ ಅಣುಜೀವಿಗಳ ಆಟ ನಡೆಯಲಿಲ್ಲ. ಸಸಾರಜನಕವೂ ಕೆರೋಟಿನ್ ಅಂಶವೂ ಉಳಿದವು. ಆಮ್ಲ ಹಾಕಿದ ಮೇವಿನಿಂದ ರಾಸುಗಳಿಗಾಗಲಿ ಹಾಲಿಗಾಗಲಿ ಕೇಡಿಲ್ಲವೆಂದು ಮೇವು ತಿನ್ನಿಸಿಯೇ ಪರೀಕ್ಷಿಸಿದರು. 1932ರಲ್ಲಿ ಪೇಟೆಂಟ್ ದೊರೆತ ಈ ವಿಧಾನಕ್ಕೆ ಅವರ ಹೆಸರಿನ ಮೊದಲಕ್ಷರಗಳಿಂದ ಎಐವಿ ಎಂಬ ಹೆಸರಾಯಿತು.

1933ರಲ್ಲಿ ಹೆಲ್ಸಿಂಕಿಯ ಬಳಿ ಜಮೀನು ಕೊಂಡು, ತಮ್ಮ ವಿಚಾರಗಳನ್ನು ಅಲ್ಲೇ ಒರೆಗೆ ಹಚ್ಚಿದರು. 1945ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ದ್ವಿದಳ ಬೆಳೆಗಳ ಬೇರುಗಂಟಿನ ಕೆಂಪು ಬಣ್ಣಕ್ಕೂ ಸಾರಜನಕ ಹಿಡಿಯುವ ಕೆಲಸಕ್ಕೂ ಇರುವ ನಂಟನ್ನು ಅಭ್ಯಾಸ ಮಾಡಿದರು. 1960ರ ದಶಕದಲ್ಲಿ, ಸಸಾರಜನಕವಿಲ್ಲದ ಶುದ್ಧೀಕರಿಸಿದ ಆಹಾರದ ಜೊತೆ ಯೂರಿಯಾ ಮತ್ತು ಅಮೋನಿಯಂ ಲವಣ ಕೊಟ್ಟರೂ ಹಸು ಹಾಲು ಕೊಡಬಲ್ಲದೆಂದು ತೋರಿಸಿದರು. 1973ರ ನವೆಂಬರ್ 11ರಂದು ತೀರಿಕೊಂಡರು.

ಖನಿಜ ಆಮ್ಲಗಳು ಮೈಗೆ ತಗುಲಿದರೆ ಸುಡುತ್ತವೆ, ಲೋಹವನ್ನು ತಿನ್ನುತ್ತವೆ. ಮುಂದೆ ಅವುಗಳ ಜಾಗಕ್ಕೆ ಫಾರ್ಮಿಕ್ ಆಮ್ಲ ಬಂತು. ನಮ್ಮ ರೈತ ಬಾಂಧವರು ಈ ಆಮ್ಲಗಳ ತಂಟೆಗೆ ಹೋಗಬೇಕಿಲ್ಲ. ಮುಸುಕಿನ ಜೋಳದಲ್ಲಿ ಸಾಕಷ್ಟು ಸಕ್ಕರೆ ಅಂಶವಿದೆ. ಕಾಳು ಹಾಲುಗಟ್ಟಿ ಗಟ್ಟಿಯಾಗತೊಡಗಿದಾಗ ಕೊಯ್ದು, ಸಣ್ಣಗೆ ಕತ್ತರಿಸಿ, ಗಾಳಿ ಉಳಿಯದಂತೆ ತುಳಿದು ಮುಚ್ಚಿದರೆ ತಾನೇ ಹುಳಿಯಾಗುತ್ತದೆ. ಹುಲ್ಲು ಅಥವಾ ದ್ವಿದಳ ಮೇವಾದರೆ ಸ್ವಲ್ಪ ಬಾಡಿಸಿ, 100 ಕಿಲೋಗೆ 1ರಿಂದ 2 ಕಿಲೋ ಬೆಲ್ಲ ಅಥವಾ ಕಾಕಂಬಿಯನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಿರಿ. ಒಂದೂವರೆ ತಿಂಗಳ ನಂತರ ಗುಂಡಿ ತೆರೆದಾಗ ಹಿತವಾದ ಹುಳಿವಾಸನೆ ಬಂದರೆ ರಸಮೇವು ಚೆನ್ನಾಗಿದೆ ಎಂದು ತಿಳಿಯಿರಿ. ಕೊಳೆತ ನಾತ ಬಂದರೆ ರಾಸುಗಳಿಗೆ ಹಾಕಬೇಡಿರಿ.