ರಾಜ ಕನ್ನಡಕವಿಲ್ಲದೆ ಓದಲೆಂದು ದೊಡ್ಡ ಸಹಿ ಹಾಕಿದನೇ? ಜಾನ್ ಹ್ಯಾನ್‌ಕಾಕ್ ಕಥೆಯ ನಿಜಾಂಶ

ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಚಿತ್ರ ನೋಡಿದವರಿಗೆಲ್ಲ ಮೊದಲು ಕಣ್ಣಿಗೆ ಬೀಳುವುದು ನಡುವಿನಲ್ಲಿರುವ ಒಂದು ಭಾರೀ ಸಹಿ. ಅದು ಜಾನ್ ಹ್ಯಾನ್‌ಕಾಕ್‌ನದು. ಇಂಗ್ಲೆಂಡಿನ ರಾಜ ಮೂರನೇ ಜಾರ್ಜ್ ಕನ್ನಡಕ ಹಾಕದೆಯೂ ಓದಲಿ ಎಂದು ಬೇಕೆಂದೇ ಅಷ್ಟು ದೊಡ್ಡದಾಗಿ ಬರೆದ ಎನ್ನುವ ಕಥೆ ಕ್ವಿಜ್ ಪುಸ್ತಕಗಳಿಂದ ಹಿಡಿದು ಫಾರ್ವರ್ಡ್‌ಗಳವರೆಗೆ ಓಡಾಡುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಆ ಕಾಲದ ಯಾವ ದಾಖಲೆಯೂ ಇದನ್ನು ಹೇಳುವುದಿಲ್ಲ.

ಹಾಗಾದರೆ ಆ ಸಹಿ ಬಂದದ್ದೆಲ್ಲಿಂದ? ಉತ್ತರ ಹುಡುಕಲು ಅರಮನೆಯ ಕಡೆ ಅಲ್ಲ, ಒಬ್ಬ ವ್ಯಾಪಾರಿಯ ಬರೆಯುವ ಮೇಜಿನ ಕಡೆ ನೋಡಬೇಕು.

ಹ್ಯಾನ್‌ಕಾಕ್ ಹುಟ್ಟಿದ್ದು 1737ರಲ್ಲಿ, ಮ್ಯಾಸಚೂಸೆಟ್ಸ್‌ನ ಬ್ರೈನ್‌ಟ್ರೀ ಎಂಬ ಊರಿನಲ್ಲಿ. ಚರ್ಚಿನ ಪಾದ್ರಿಯಾಗಿದ್ದ ತಂದೆ 1744ರಲ್ಲಿ ತೀರಿಕೊಂಡರು. ಮಕ್ಕಳಿಲ್ಲದ ಚಿಕ್ಕಪ್ಪ ಥಾಮಸ್ ಹುಡುಗನನ್ನು ಬೋಸ್ಟನ್‌ಗೆ ಕರೆದೊಯ್ದು ಸಾಕಿದ. ಪುಸ್ತಕದಂಗಡಿಯಿಂದ ಶುರುಮಾಡಿದ್ದ ಈ ಥಾಮಸ್ ಅಷ್ಟರಲ್ಲಿ ಹಡಗು, ಬಂದರುಕಟ್ಟೆಗಳ ದೊಡ್ಡ ವ್ಯಾಪಾರಿಯಾಗಿದ್ದ. ಹುಡುಗ 1754ರಲ್ಲಿ ಹಾರ್ವರ್ಡ್ ಮುಗಿಸಿ ಚಿಕ್ಕಪ್ಪನ ವ್ಯವಹಾರದಲ್ಲಿ ಪಳಗಿದ. 1764ರಲ್ಲಿ ಥಾಮಸ್ ಸತ್ತಾಗ, 27ನೇ ವಯಸ್ಸಿಗೇ ಆಸ್ತಿಯ ಬಹುಪಾಲು ಅವನ ಕೈಗೆ ಬಂತು.

ಅಂಥ ವ್ಯಾಪಾರಿ ಮನೆಗಳಲ್ಲಿದ್ದ ಮೇಜನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕೆಳಗೆ ಮೂರು ನಾಲ್ಕು ಡ್ರಾಯರ್‌ಗಳು, ಮೇಲೆ ಓರೆಯಾದ ಮುಚ್ಚಳ. ಎರಡು ಬದಿಯಿಂದ ಮರದ ಪಟ್ಟಿಗಳನ್ನು ಹೊರಗೆಳೆದು ಅವುಗಳ ಮೇಲೆ ಮುಚ್ಚಳವನ್ನು ಬಿಡಿಸಿಟ್ಟರೆ ಅದೇ ಬರೆಯುವ ಹಲಗೆ. ಒಳಗೆ ಪಾರಿವಾಳದ ಗೂಡಿನಂಥ ಖಾನೆಗಳು, ಪುಟ್ಟ ಡ್ರಾಯರ್‌ಗಳು. ಕೆಲವಕ್ಕೆ ತಲೆಯ ಮೇಲೊಂದು ಕಪಾಟು, ಅದರಲ್ಲಿ ಲೆಕ್ಕದ ಪುಸ್ತಕಗಳು. ಒಳ್ಳೆಯವು ಮಹಾಗನಿ ಮರದವು. ಆ ಮರವನ್ನು ಜಮೈಕಾ, ಹೊಂಡುರಾಸ್ ಕಡೆಯ ಕಾಡುಗಳಲ್ಲಿ ಕಡಿಯುತ್ತಿದ್ದವರು ಹೆಚ್ಚಾಗಿ ಆಫ್ರಿಕಾ ಮೂಲದ ಗುಲಾಮರು. ಹೊಳೆಯುವ ಮೇಜಿನ ಫೋಟೊ ಹಂಚಿಕೊಳ್ಳುವಾಗ ಯಾರೂ ಇದನ್ನು ಬರೆಯುವುದಿಲ್ಲ.

ಇಂಥ ಮೇಜುಗಳ ರಹಸ್ಯ ಖಾನೆಗಳ ವಿಡಿಯೊಗಳೂ ನಿಮಗೆ ಬಂದಿರಬಹುದು. ಖಾನೆಗಳು ನಿಜವಾಗಿಯೂ ಇದ್ದವು. ನಡುವಿನ ಪುಟ್ಟ ಬಾಗಿಲಿನ ಅಕ್ಕಪಕ್ಕ ಕಂಬದಂತೆ ಕಾಣುವ ಪಟ್ಟಿಯನ್ನು ಎಳೆದರೆ ತೆಳ್ಳನೆಯ ಪೆಟ್ಟಿಗೆ ಹೊರಬರುತ್ತದೆ. ಆದರೆ ಇದರಲ್ಲಿ ಗೂಢಚಾರಿಕೆಯನ್ನು ಹುಡುಕಬೇಕಿಲ್ಲ. ಬೋಸ್ಟನ್‌ನ ಮೊದಲ ಬ್ಯಾಂಕು ಬಂದದ್ದೇ 1784ರಲ್ಲಿ. ಅಲ್ಲಿಯವರೆಗೆ ಸಾಲಪತ್ರ, ಹುಂಡಿ, ನಾಣ್ಯಗಳನ್ನು ಬೀಗ ಹಾಕಿ ಇಡಬೇಕಾದದ್ದು ಇಲ್ಲಿ ಅಥವಾ ಪೆಟ್ಟಿಗೆಯಲ್ಲಿ.

ಇನ್ನು ಬರವಣಿಗೆ. ಲಂಡನ್‌ಗೆ ಕಳಿಸುವ ಪ್ರತಿ ಪತ್ರದ ನಕಲನ್ನೂ ಕೈಯಿಂದಲೇ ಪುಸ್ತಕಕ್ಕೆ ಇಳಿಸಬೇಕು. ಹಡಗು ಮುಳುಗಿದರೆ ಎಂದು ಇನ್ನೊಂದು ಪ್ರತಿಯನ್ನು ಬೇರೆ ಹಡಗಿನಲ್ಲಿ ಕಳಿಸಬೇಕು. ಸಮುದ್ರದಾಚೆಯ ವ್ಯಾಪಾರಿಗೆ ಸಹಿಯೇ ಮನುಷ್ಯನ ಗುರುತು. ಹ್ಯಾನ್‌ಕಾಕ್‌ನ ಉಳಿದ ಕಾಗದಗಳಲ್ಲೂ ಸಹಿ ಹೀಗೆಯೇ: ದೊಡ್ಡ ಅಕ್ಷರ, ಕೆಳಗೆ ಬಳ್ಳಿಯಂಥ ಸುರುಳಿ.

ಕಾಗದವೇ ಅವನನ್ನು ಸಿಕ್ಕಿಸಿದ್ದೂ ಉಂಟು. 1768ರ ಜೂನ್‌ನಲ್ಲಿ ಸುಂಕದ ಅಧಿಕಾರಿಗಳು ಅವನ ಲಿಬರ್ಟಿ ಹಡಗನ್ನು ಹಿಡಿದರು. ಪರವಾನಗಿ ಪತ್ರವಿಲ್ಲದೆ ಎಣ್ಣೆ, ಡಾಂಬರಿನ ಪೀಪಾಯಿ ತುಂಬಿದ್ದಾನೆ ಎಂಬುದು ಆರೋಪ. ಬೋಸ್ಟನ್‌ನಲ್ಲಿ ದೊಂಬಿಯೇ ಎದ್ದಿತು. ಹಡಗು ಮುಟ್ಟುಗೋಲಾಯಿತು. ಮದ್ಯದ ಕಳ್ಳಸಾಗಣೆಯ ಇನ್ನೊಂದು ಮೊಕದ್ದಮೆಯಲ್ಲಿ ಜಾನ್ ಆಡಮ್ಸ್ ಅವನ ಪರ ವಾದಿಸಿದ. ಆ ಮೊಕದ್ದಮೆಯನ್ನು 1769ರಲ್ಲಿ ಸರ್ಕಾರವೇ ಕೈಬಿಟ್ಟಿತು. ಹ್ಯಾನ್‌ಕಾಕ್ ಜನರ ಕಣ್ಣಲ್ಲಿ ನಾಯಕನಾದ. 1775ರ ಏಪ್ರಿಲ್ 19ರಂದು ಬ್ರಿಟಿಷ್ ಸೈನಿಕರು ಲೆಕ್ಸಿಂಗ್ಟನ್‌ಗೆ ಬರುತ್ತಿದ್ದಾಗ ಅವನ ಕಾಗದಪತ್ರದ ಪೆಟ್ಟಿಗೆ ಅಲ್ಲಿನ ಹೋಟೆಲಿನಲ್ಲೇ ಉಳಿದಿತ್ತು. ಅದನ್ನು ಹೊತ್ತು ಪಾರುಮಾಡಿದ ಇಬ್ಬರಲ್ಲಿ ಒಬ್ಬ ಪ್ರಸಿದ್ಧ ಪಾಲ್ ರೆವಿಯರ್.

ಮುಂದಿನ ತಿಂಗಳು ಹ್ಯಾನ್‌ಕಾಕ್ ಕಾಂಗ್ರೆಸ್ಸಿನ ಅಧ್ಯಕ್ಷನಾದ. ಈಗ ಸಹಿಯ ವಿಷಯಕ್ಕೆ ಬರೋಣ. 1776ರ ಜುಲೈ 4ರಂದು ಘೋಷಣೆ ಅಂಗೀಕಾರವಾಯಿತು. ತಕ್ಷಣ ಅಚ್ಚಾಗಿ ಹಂಚಿದ ಪ್ರತಿಗಳಲ್ಲಿ ಇದ್ದದ್ದು ಅಧ್ಯಕ್ಷ ಮತ್ತು ಕಾರ್ಯದರ್ಶಿಯ ಹೆಸರು ಮಾತ್ರ, ಅದೂ ಅಚ್ಚಿನ ಅಕ್ಷರದಲ್ಲಿ. ನಾವು ನೋಡುವ ಚರ್ಮದ ಹಾಳೆಗೆ ಸಹಿ ಶುರುವಾದದ್ದು ಆಗಸ್ಟ್ 2ರಂದು. ಅಧ್ಯಕ್ಷನಾದ್ದರಿಂದ ಮೊದಲು, ನಡುಮಧ್ಯದಲ್ಲಿ, ಖಾಲಿ ಜಾಗದಲ್ಲಿ ಬರೆದ. ಕೊನೆಗೆ ಒಟ್ಟು 56 ಸಹಿಗಳಾದವು. ಆ ಹಾಳೆ ರಾಜನಿಗೆ ಹೋಗಲೇ ಇಲ್ಲ, ಕಾಂಗ್ರೆಸ್ಸಿನ ಕೈಯಲ್ಲೇ ಉಳಿಯಿತು. ಸಹಿದಾರರ ಹೆಸರುಗಳನ್ನು ಅಚ್ಚು ಹಾಕಿ ಹೊರಗೆ ತಿಳಿಸಿದ್ದು 1777ರ ಜನವರಿಯಲ್ಲಿ. ಅಂದಮೇಲೆ ಕನ್ನಡಕದ ಮಾತು ಎಲ್ಲಿಂದ ಬರಬೇಕು?

ಸಹಿ ಎಷ್ಟು ಅಚ್ಚುಕಟ್ಟೋ ಲೆಕ್ಕ ಅಷ್ಟು ಅಚ್ಚುಕಟ್ಟಾಗಿರಲಿಲ್ಲ ಎಂಬುದನ್ನು ಮಾತ್ರ ಫಾರ್ವರ್ಡ್‌ಗಳು ಹೇಳುವುದಿಲ್ಲ. 1773ರಲ್ಲಿ ಹಾರ್ವರ್ಡ್ ಅವನನ್ನು ಖಜಾಂಚಿ ಮಾಡಿತ್ತು. ಅವನು ಕಾಲೇಜಿನ ಪತ್ರಗಳನ್ನೆಲ್ಲ ತನ್ನ ಜೊತೆಗೇ ಇಟ್ಟುಕೊಂಡು, ಲೆಕ್ಕ ಕೇಳಿದಾಗಲೆಲ್ಲ ಮುಂದೂಡಿದ. ಕಾಲೇಜು 1777ರಲ್ಲಿ ಬೇರೆಯವರನ್ನು ನೇಮಿಸಿತು. ಅಷ್ಟಾದರೂ ಜನ ಅವನನ್ನು ಮತ್ತೆ ಮತ್ತೆ ಮ್ಯಾಸಚೂಸೆಟ್ಸ್‌ನ ಗವರ್ನರ್ ಆಗಿ ಆರಿಸಿದರು. 1785ರಲ್ಲಿ ಲೆಕ್ಕ ತೆಗೆದಾಗ ಅವನೇ ಸಾವಿರ ಪೌಂಡ್‌ಗೂ ಹೆಚ್ಚು ಬಾಕಿ ಕೊಡಬೇಕೆಂದು ಗೊತ್ತಾಯಿತು. 1793ರ ಅಕ್ಟೋಬರ್ 8ರಂದು, ಗವರ್ನರ್ ಆಗಿದ್ದಾಗಲೇ ಅವನು ಸತ್ತ. ಕಾಲೇಜಿಗೆ ಹಣ ಸಂದದ್ದು ಆಮೇಲೆ, ವಾರಸುದಾರರಿಂದ.