ನೇಗಿಲಿನ ಶಿಲ್ಪಿ ಲಕ್ಷ್ಮಣರಾವ್ ಕಿರ್ಲೋಸ್ಕರ

ವಿದ್ಯಾರ್ಥಿಗಳೇ, ನಮ್ಮ ಭಾಂಡುಪಿನಿಂದ ದಕ್ಷಿಣಕ್ಕೆ ಹೊರಟ ರೈಲು ಭಾಯಖಳಾವನ್ನು ದಾಟಿ ಕೊನೆಯ ನಿಲ್ದಾಣವನ್ನು ಸೇರುತ್ತದೆ. ಆ ಭಾಗದಲ್ಲಿಯೇ ಹಿಂದೆ ಬೆಳಗಾವಿ ಜಿಲ್ಲೆಯ ತರುಣನೊಬ್ಬನು ರೇಖೆ ಎಳೆಯಲು ಕಲಿತು, ಮುಂದೆ ರೈತರಿಗೆ ನೇಗಿಲು ಮಾಡಿಕೊಟ್ಟನು. ಅವರೇ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರರು.

ಅವರು 1869ರ ಜೂನ್ 20ರಂದು ಗುರ್ಲಹೊಸೂರಿನಲ್ಲಿ ಜನಿಸಿದರು. ಚಿತ್ರಕಲೆಯಲ್ಲಿ ಆಸಕ್ತರಾಗಿ 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಆದರೆ ಕೆಲವು ಬಣ್ಣಗಳ ಭೇದವು ಅವರ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಅವರು ಎದೆಗುಂದದೆ ಯಂತ್ರಗಳ ರೇಖಾಚಿತ್ರವನ್ನು ಅಭ್ಯಸಿಸಿ, ಆಗ ಭಾಯಖಳಾದಲ್ಲಿದ್ದ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿಷಯದ ಶಿಕ್ಷಕರಾದರು. ತಮಗೆ ಸಲ್ಲಬೇಕಾದ ಬಡ್ತಿಯು ಬೇರೊಬ್ಬರ ಪಾಲಾದಾಗ ಹುದ್ದೆಯನ್ನು ತ್ಯಜಿಸಿ ಬೆಳಗಾವಿಗೆ ತೆರಳಿದರು.

ಅಲ್ಲಿ ಸೈಕಲ್ ಅಂಗಡಿಯಿಂದ ಮೊದಲುಗೊಂಡು, ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ನಿರ್ಮಿಸಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವುದೆಂದು ರೈತರು ಅಂಜಿದರು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಆಗ ಅವರು ಉದ್ಯೋಗವನ್ನೇ ಕೈಬಿಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಕೈಬಿಡಲಿಲ್ಲ, ಕ್ರಮೇಣ ರೈತರೇ ಆ ನೇಗಿಲನ್ನು ಮೆಚ್ಚಿದರು.

ಅಷ್ಟರಲ್ಲಿ ಕಾರ್ಖಾನೆಯ ಜಾಗವನ್ನು ಪುರಸಭೆಯು ತೆರವು ಮಾಡಿಸಿತು. ಔಂಧ ಸಂಸ್ಥಾನದ ಅರಸರು ಕುಂಡಲ ರೋಡ್ ನಿಲ್ದಾಣದ ಬಳಿ 32 ಎಕರೆ ಭೂಮಿಯನ್ನಿತ್ತರು. ಪಾಪಾಸುಕಳ್ಳಿ ಬೆಳೆದಿದ್ದ ಆ ಬರಡು ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಇಂದು ಅದು ಸಾಂಗಲಿ ಜಿಲ್ಲೆಯಲ್ಲಿದೆ. ಯಂತ್ರದಂತೆಯೇ ಊರನ್ನೂ ಅವರು ಯೋಚಿಸಿ ರಚಿಸಿದರು. ಕಾರ್ಮಿಕರಿಗೆ ವಸತಿ ಕಲ್ಪಿಸಿದರು, ಅಸ್ಪೃಶ್ಯತೆಯನ್ನು ನಿಷೇಧಿಸಿದರು, ಸೆರೆಮನೆಯಿಂದ ಬಿಡುಗಡೆ ಹೊಂದಿದವರನ್ನು ನಂಬಿ ರಾತ್ರಿಯ ಕಾವಲಿಗೆ ನೇಮಿಸಿದರು. 1941ರಲ್ಲಿ ಕನ್ನಡನಾಡಿನ ಹರಿಹರದಲ್ಲಿ ಈ ಮನೆತನದ ಯಂತ್ರೋಪಕರಣಗಳ ಕಾರ್ಖಾನೆ ಸ್ಥಾಪಿತವಾಗಿ, ದಶಕಗಳ ಕಾಲ ಅನೇಕ ಕುಟುಂಬಗಳಿಗೆ ಅನ್ನವಿತ್ತಿತು.

1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ದಿವಂಗತರಾದರು. ಅವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಭಾರತ ಸರಕಾರವು ಅವರ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರಡಿಸಿತು.

ಮುಂಬಯಿಯ ಕಸವನ್ನು ಹೊತ್ತ ಲಾರಿಗಳು ನಮ್ಮ ನೆರೆಯ ಕಾಂಜೂರಮಾರ್ಗಕ್ಕೆ ಸಾಗುವುದನ್ನು ನಾವು ಕಾಣುತ್ತೇವೆ. ಬೇಗನೆ ಕೆಡುವಂತೆ ಮಾಡಿದ ವಸ್ತುಗಳೂ ಆ ರಾಶಿಯಲ್ಲಿರುತ್ತವೆ. ನಿಮ್ಮಲ್ಲಿ ಕೆಲವರು ನಾಳೆ ಕಾರ್ಖಾನೆಗಳಲ್ಲಿ ವಸ್ತುಗಳ ನಕ್ಷೆಯನ್ನು ಬರೆಯುವಿರಿ. ಆಗ ಈ ವಸ್ತುವು ಎಷ್ಟು ಕಾಲ ಬಾಳುವುದು, ಬಳಸುವವನಿಗೆ ಹಿತವೇ, ತಯಾರಿಸುವವನ ಮನೆಯಲ್ಲಿ ಒಲೆ ಉರಿಯುವುದೇ ಎಂದು ಕೇಳಿಕೊಂಡು ಮೊದಲ ಗೆರೆಯನ್ನು ಎಳೆಯಿರಿ. ಕಿರ್ಲೋಸ್ಕರರ ಬಾಳಿನಿಂದ ನಾವು ಕಲಿಯಬೇಕಾದ ಪಾಠವಿದೇ.