ಲ್ಯುಬೋವ್ ಓರ್ಲೋವಾ (1902–1975)

ಸೋವಿಯತ್ ಒಕ್ಕೂಟದ ಸಂಗೀತಪ್ರಧಾನ ಹಾಸ್ಯಚಿತ್ರಗಳ ಅಗ್ರಗಣ್ಯ ತಾರೆ ಲ್ಯುಬೋವ್ ಪೆತ್ರೋವ್ನಾ ಓರ್ಲೋವಾ ಅವರು 1902ರ ಫೆಬ್ರವರಿ 11ರಂದು ಮಾಸ್ಕೋ ಸಮೀಪದ ಜ್ವೆನಿಗೊರೋದ್ ಪಟ್ಟಣದಲ್ಲಿ, ಕುಲೀನ ಮನೆತನವೊಂದರಲ್ಲಿ ಜನಿಸಿದರು. 1917ರ ಕ್ರಾಂತಿಯ ನಂತರ ಅಂತಹ ಮನೆತನಗಳು ತಮ್ಮ ಸ್ಥಾನಮಾನಗಳನ್ನು ಕಳೆದುಕೊಂಡವು. ಮಾಸ್ಕೋ ಸಂಗೀತ ವಿದ್ಯಾಲಯದಲ್ಲಿ ಪಿಯಾನೊ ಅಭ್ಯಾಸ ಮಾಡಿದ ಓರ್ಲೋವಾ, ಜೀವನೋಪಾಯಕ್ಕಾಗಿ ಚಿತ್ರಮಂದಿರಗಳಲ್ಲಿ ಮೂಕಿ ಚಿತ್ರಗಳಿಗೆ ಪಿಯಾನೊ ನುಡಿಸುತ್ತಿದ್ದರು. 1926ರಲ್ಲಿ ನೆಮಿರೋವಿಚ್-ದಾನ್ಚೆಂಕೊ ಅವರ ಸಂಗೀತ ನಾಟಕ ಸಂಸ್ಥೆಯನ್ನು ಮೇಳಗಾಯಕಿಯಾಗಿ ಸೇರಿ, ಕ್ರಮೇಣ ಮುಖ್ಯ ಪಾತ್ರಗಳನ್ನು ಪಡೆದರು. 1930ರಲ್ಲಿ ಅವರ ಮೊದಲ ಪತಿ, ಕೃಷಿ ಆಡಳಿತದ ಅಧಿಕಾರಿ ಆಂದ್ರೇ ಬೆರ್ಜಿನ್ ಬಂಧನಕ್ಕೊಳಗಾದರು.

ನಿರ್ದೇಶಕ ಗ್ರಿಗೋರಿ ಅಲೆಕ್ಸಾಂದ್ರೊವ್ ಅವರ 'ಉಲ್ಲಾಸದ ಗೆಳೆಯರು' (1934) ಚಿತ್ರವು ಓರ್ಲೋವಾ ಅವರಿಗೆ ದೇಶದಾದ್ಯಂತ ಖ್ಯಾತಿ ತಂದಿತು. ಮುಂದೆ ಅಲೆಕ್ಸಾಂದ್ರೊವ್ ಅವರ ಪತಿಯೂ ಆದರು. 'ಸರ್ಕಸ್' (1936), 'ವೋಲ್ಗಾ-ವೋಲ್ಗಾ' (1938) ಮತ್ತು 'ಬೆಳಕಿನ ಹಾದಿ' (1940) ಚಿತ್ರಗಳು ಅನಂತರ ತೆರೆಕಂಡವು. ಈ ಚಿತ್ರಗಳಿಗೆ ಸಂಗೀತ ನೀಡಿದವರು ಇಸಾಕ್ ದುನಾಯೆವ್‌ಸ್ಕಿ. 'ಸರ್ಕಸ್' ಚಿತ್ರದಲ್ಲಿ ಓರ್ಲೋವಾ, ಕಪ್ಪುವರ್ಣದ ಮಗುವಿನ ತಾಯಿಯೆಂಬ ಕಾರಣಕ್ಕೆ ಸ್ವದೇಶವನ್ನು ತೊರೆಯಬೇಕಾದ ಅಮೆರಿಕದ ಕಲಾವಿದೆಯ ಪಾತ್ರ ನಿರ್ವಹಿಸಿದರು.

ತೆರೆಯ ಮೇಲೆ ನಗೆ ಮತ್ತು ಹಾಡು ತುಂಬಿದ್ದ ಆ ವರ್ಷಗಳು ದೇಶದಲ್ಲಿ ವ್ಯಾಪಕ ಬಂಧನಗಳ ಕಾಲವೂ ಆಗಿದ್ದವು. ಈ ಚಿತ್ರಗಳಲ್ಲಿ ಕೆಲವುಗಳ ಛಾಯಾಗ್ರಾಹಕ ವ್ಲಾದಿಮಿರ್ ನಿಲ್ಸೆನ್ 1937ರಲ್ಲಿ ಬಂಧಿತರಾಗಿ, 1938ರ ಜನವರಿಯಲ್ಲಿ ಮರಣದಂಡನೆಗೆ ಗುರಿಯಾದರು. ಅದೇ ವರ್ಷ 'ವೋಲ್ಗಾ-ವೋಲ್ಗಾ' ಬಿಡುಗಡೆಯಾಗಿ ಸ್ಟಾಲಿನ್ ಅವರ ಮೆಚ್ಚುಗೆಗೆ ಪಾತ್ರವಾಯಿತು. 'ಸರ್ಕಸ್' ಚಿತ್ರದ ಜೋಗುಳದಲ್ಲಿ ಯಿದ್ದಿಷ್ ಭಾಷೆಯ ಸಾಲುಗಳನ್ನು ಹಾಡಿದ್ದ ನಟ ಸೊಲೊಮೊನ್ ಮಿಖೋಯೆಲ್ಸ್ 1948ರಲ್ಲಿ ಹತ್ಯೆಗೀಡಾದ ಬಳಿಕ ಆ ಭಾಗವನ್ನು ಚಿತ್ರದಿಂದ ತೆಗೆದುಹಾಕಲಾಯಿತು. ಸ್ಟಾಲಿನ್ ಮರಣಾನಂತರ ಅದನ್ನು ಮರಳಿ ಸೇರಿಸಲಾಯಿತು.

ಓರ್ಲೋವಾ ಅವರು 1941 ಮತ್ತು 1950ರಲ್ಲಿ ಸ್ಟಾಲಿನ್ ಪ್ರಶಸ್ತಿಗೆ ಭಾಜನರಾದರು. 1950ರಲ್ಲಿಯೇ ಸೋವಿಯತ್ ಒಕ್ಕೂಟದ ಜನತಾ ಕಲಾವಿದೆ ಎಂಬ ಗೌರವವೂ ಸಂದಿತು. 1955ರಿಂದ ಮಾಸ್ಕೋದ ಮೊಸ್ಸೊವಿಯೆತ್ ರಂಗಮಂದಿರದಲ್ಲಿ ಸೇವೆ ಸಲ್ಲಿಸಿ, ಇಬ್ಸೆನ್ ನಾಟಕದ ನೋರಾ ಮೊದಲಾದ ಗಂಭೀರ ಪಾತ್ರಗಳಲ್ಲಿಯೂ ಮನ್ನಣೆ ಗಳಿಸಿದರು. 1974ರ ಅವರ ಕೊನೆಯ ಚಿತ್ರ ಆ ಕಾಲದಲ್ಲಿ ಪ್ರೇಕ್ಷಕರನ್ನು ತಲುಪಲಿಲ್ಲ.

1975ರ ಜನವರಿ 26ರಂದು ಮಾಸ್ಕೋದಲ್ಲಿ ನಿಧನರಾದ ಅವರನ್ನು ನೊವೊದೆವಿಚಿ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು. ಕ್ಷುದ್ರಗ್ರಹವೊಂದಕ್ಕೆ ಅವರ ಹೆಸರನ್ನಿಡಲಾಗಿದೆ. ಭಯದ ನೆರಳಿನಲ್ಲಿದ್ದ ಜನಕೋಟಿಗೆ ಕೆಲಕಾಲವಾದರೂ ನಗುವನ್ನು ನೀಡಿದ ಈ ಚಿತ್ರಗಳು ಆ ಯುಗದ ವೈರುಧ್ಯಗಳನ್ನು ಅರಿಯಲು ಮಹತ್ವದ ದಾಖಲೆಗಳಾಗಿವೆ.